ಸ್ವಂತ ಹೋತ, ಎರವಲು ಹೋತ, ಕೃತಕ ಗರ್ಭಧಾರಣೆ: 18 ಮೇಕೆಗಳಲ್ಲಿ ನಾನು ಕಂಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಸ್ವಂತ ಹೋತಕ್ಕೆ. ಮಧುಗಿರಿ ಕಡೆಯ ನಮ್ಮ ತೋಟದಲ್ಲಿ 18 ಹೆಣ್ಣು ಮೇಕೆಗಳಿವೆ. ಹೆಚ್ಚಿನವು ನಂದಿದುರ್ಗ ತಳಿಯವು, ಬಿಳಿ ಮೈ. ಮೂರು ವರ್ಷದಲ್ಲಿ ಮೂರೂ ದಾರಿ ನೋಡಿದೆ. ಮೊದಲು ಪಕ್ಕದೂರಿನ ಹೋತ, ಆಮೇಲೆ ಕೃತಕ ಗರ್ಭಧಾರಣೆ, ಈಗ ಸ್ವಂತದ್ದು. ದುಡ್ಡೂ ಹೊತ್ತೂ ಹೋಗಿದ್ದು ನಡುವಿನದರಲ್ಲಿ. ಅದಕ್ಕೇ ಅದರ ವಿಷಯ ಜಾಸ್ತಿ ಬರೆಯುತ್ತೇನೆ.

ಎರವಲು ಹೋತದ ಮಾತು ಬೇಗ ಮುಗಿಯುತ್ತದೆ. ಮೇಕೆ ಬೆದೆಗೆ ಬಂದ ದಿನ ಹಗ್ಗ ಹಿಡಿದು ಆ ಮನೆಗೆ ಕರೆದುಕೊಂಡು ಹೋಗುವುದು, ಒಂದಿಷ್ಟು ಜೋಳವೋ ಹುರುಳಿಯೋ ಕೊಡುವುದು. ಖರ್ಚು ಇಲ್ಲವೇ ಇಲ್ಲ ಅನ್ನಬಹುದು. ಆದರೆ ಆ ಹೋತ ಸುತ್ತಲಿನ ಅರ್ಧ ಮೇಕೆಗಳಿಗೆ ಅಪ್ಪ. ನನ್ನ ಎರಡು ಎಳೆ ಮೇಕೆಗಳೂ ಅದಕ್ಕೇ ಹುಟ್ಟಿದವು. ಮಗಳನ್ನು ಅಪ್ಪನಿಗೇ ಬಿಟ್ಟರೆ ಮರಿಗಳು ಸಣಕಲಾಗುತ್ತವೆ, ಸಾಯುವುದೂ ಹೆಚ್ಚು. ಇನ್ನೊಂದು ಭಯ ರೋಗದ್ದು. ಗಬ್ಬದ ಮೇಕೆ ಕಂದು ಹಾಕುವಂತೆ, ಅಂದರೆ ಗರ್ಭಪಾತವಾಗುವಂತೆ ಮಾಡುವ ಬ್ರುಸೆಲ್ಲಾ ರೋಗ ಮೇಕೆಯಿಂದ ಮನುಷ್ಯರಿಗೂ ಅಂಟುತ್ತದೆ. ಮನೆಯಲ್ಲಿ ಮಕ್ಕಳು ಮರಿಗಳನ್ನು ಎತ್ತಿಕೊಂಡೇ ಓಡಾಡುತ್ತಾರೆ. ಪರೀಕ್ಷೆ ಮಾಡಿಸದ ಹೋತ ನನಗೆ ಬೇಡ.

ಕೃತಕ ಗರ್ಭಧಾರಣೆಗೆ ಮನಸ್ಸು ಹೋಗಿದ್ದು ಉಸ್ಮಾನಾಬಾದಿ ತಳಿಯ ಆಸೆಯಿಂದ. ಅವು ಅವಳಿ ಮರಿ ಹಾಕುವುದು ಜಾಸ್ತಿ. ಹೋತ ಸಾಕುವ ಖರ್ಚಿಲ್ಲದೆ ಒಳ್ಳೆ ರಕ್ತ ಕೊಟ್ಟಿಗೆಗೆ ಬರುತ್ತದೆ ಎಂದರೆ ಯಾರಿಗೆ ಬೇಡ? ವೀರ್ಯದ ಕಡ್ಡಿಯ, ಅಂದರೆ ವೀರ್ಯ ತುಂಬಿದ ಸಣ್ಣ ಕೊಳವೆಯ, ಬೆಲೆಯೂ ಕಡಿಮೆ. ತೊಡಕು ಕಡ್ಡಿಯಲ್ಲಿರಲಿಲ್ಲ, ಬೆದೆ ಗುರುತಿಸುವುದರಲ್ಲಿತ್ತು.

ಮೇಕೆಗೆ ಸುಮಾರು 21 ದಿನಕ್ಕೊಮ್ಮೆ ಬೆದೆ. ಅದು ಇರುವುದು ಒಂದು ದಿನ, ಒಂದೂವರೆ ದಿನ. ಕಡ್ಡಿ ಹಾಕಬೇಕಾದ್ದು ಬೆದೆ ಶುರುವಾಗಿ ಸುಮಾರು 12 ಗಂಟೆ ಕಳೆದ ಮೇಲೆ. ಹಸುವಾದರೆ ಒದರುತ್ತದೆ, ಬೇರೆ ಹಸುಗಳ ಮೇಲೆ ಹತ್ತುತ್ತದೆ, ಅಡುಗೆಮನೆಯಲ್ಲಿ ಕೂತವರಿಗೂ ಗೊತ್ತಾಗುತ್ತದೆ. ಹೋತವೇ ಇಲ್ಲದ ಕೊಟ್ಟಿಗೆಯ ಮೇಕೆ ಹಾಗಲ್ಲ. ಕೆಲವು ಏನೂ ತೋರಿಸುವುದೇ ಇಲ್ಲ, ಅದಕ್ಕೆ ಮೂಕ ಬೆದೆ ಅನ್ನುತ್ತಾರೆ.

ನಮ್ಮ ಕೆಂಚಿಯದೇ ಹೇಳುತ್ತೇನೆ. ಬೆಳಿಗ್ಗೆ 6 ಗಂಟೆಗೆ ಸೊಪ್ಪು ಕಟ್ಟುವಾಗ ಬಾಲ ಪಟಪಟ ಆಡಿಸುತ್ತಿತ್ತು. ನೊಣ ಓಡಿಸುತ್ತಿದೆ ಅಂದುಕೊಂಡೆ. ಮಧ್ಯಾಹ್ನ ನೋಡಿದರೆ ಬಾಲದ ಕೆಳಗೆ ಕೆಂಪಗೆ ಊದಿತ್ತು, ತಿಳಿ ಲೋಳೆ ದಾರದ ಹಾಗೆ ಇಳಿದಿತ್ತು. ಫೋನ್ ಮಾಡಿದೆ. ಕಡ್ಡಿ ಹಾಕುವವರು ಬೇರೆ ಊರಿನಲ್ಲಿದ್ದರು, ನಾಳೆ ಬರುತ್ತೇನೆ ಅಂದರು. ಸಂಜೆಗೆ ಲೋಳೆ ಮಬ್ಬಾಗತೊಡಗಿತ್ತು. ಅದೇ ಸರಿಯಾದ ಹೊತ್ತು ಅಂತ ಆಮೇಲೆ ತಿಳಿಯಿತು. ಮರುದಿನ 11 ಗಂಟೆಗೆ ಅವರು ಬಂದಾಗ ಅದು ಗಟ್ಟಿ ಮೊಸರಿನ ಹಾಗೆ ಬೆಳ್ಳಗಾಗಿತ್ತು. ಅಂದರೆ ಬೆದೆ ಮುಗಿಯುತ್ತಾ ಬಂದಿತ್ತು.

ಅವರನ್ನು ದೂರುವುದಿಲ್ಲ, ಕೆಲಸ ನೀಟಾಗಿ ಮಾಡಿದರು. ಮೈನಸ್ 196 ಡಿಗ್ರಿಯ ದ್ರವ ಸಾರಜನಕದ ಕ್ಯಾನಿನಿಂದ ಕಡ್ಡಿ ತೆಗೆದು 37 ಡಿಗ್ರಿ ನೀರಿನಲ್ಲಿ ಅರ್ಧ ನಿಮಿಷ ಇಟ್ಟರು. ನಾನು ಕೆಂಚಿಯ ಹಿಂಗಾಲು ಎತ್ತಿ ಹಿಡಿದೆ. ಹಸುವಿಗಾದರೆ ಗುದದ್ವಾರದಲ್ಲಿ ಕೈ ಹಾಕಿ ಗರ್ಭದ ಕೊರಳನ್ನು ಹಿಡಿದು ಕೊಳವೆ ದಾಟಿಸುತ್ತಾರೆ. ಮೇಕೆಯಲ್ಲಿ ಕೈಗೆ ಜಾಗವಿಲ್ಲ. ಬ್ಯಾಟರಿ ಬೆಳಕಿನಲ್ಲಿ ನೋಡುತ್ತಾ ಹಾಕಬೇಕು. ಆ ಕೊರಳಿನ ಒಳಗೆ ಮಡಿಕೆ ಮಡಿಕೆಯ ಉಂಗುರಗಳು, ಕೊಳವೆ ಒಳಗೆ ಹೋಗಲು ಬಿಡುವುದಿಲ್ಲ. ಎಷ್ಟೋ ಸಲ ವೀರ್ಯ ಬಾಗಿಲಲ್ಲೇ ಬೀಳುತ್ತದೆ. ಹೆಪ್ಪುಗಟ್ಟಿಸಿದ ವೀರ್ಯದ ಆಯುಸ್ಸೂ ಕಡಿಮೆ. ಹೊತ್ತು ತಪ್ಪಿದರೆ ಮುಗಿಯಿತು. ಕೆಂಚಿ ಮೂರು ವಾರಕ್ಕೆ ಮತ್ತೆ ಬಾಲ ಆಡಿಸಿತು. 8 ಮೇಕೆಗೆ ಹಾಕಿಸಿದ್ದರಲ್ಲಿ ಗಬ್ಬ ನಿಂತಿದ್ದು 3.

ಕಡ್ಡಿಯನ್ನೇ ನಂಬುವವರಿಗೆ ಒಂದು ಉಪಾಯ ಇದೆ, ನನಗೆ ತಡವಾಗಿ ಗೊತ್ತಾಯಿತು. ಹೋತದ ಕೊಂಬಿನ ಹಿಂದೆ ವಾಸನೆಯ ಗ್ರಂಥಿಗಳಿರುತ್ತವೆ. ಅಲ್ಲಿ ಒಂದು ಬಟ್ಟೆ ಚೆನ್ನಾಗಿ ಉಜ್ಜಿ, ಮುಚ್ಚಳದ ಡಬ್ಬಿಯಲ್ಲಿಟ್ಟು, ದಿನಾ ಮೇಕೆಗಳ ಮೂಗಿಗೆ ಹಿಡಿಯಬೇಕು. ಬೆದೆಯಲ್ಲಿದ್ದದ್ದು ಡಬ್ಬಿ ಬಿಟ್ಟು ಅಲ್ಲಾಡುವುದಿಲ್ಲ.

ಹಾರ್ಮೋನ್ ಸ್ಪಂಜ್ ಇಟ್ಟು ಎಲ್ಲವನ್ನೂ ಒಟ್ಟಿಗೆ ಬೆದೆಗೆ ತರುವ ವಿಧಾನವೂ ಇದೆ. 18 ಮೇಕೆಗೆ ಆಗುವ ಖರ್ಚು ಕೇಳಿ ಕೈಬಿಟ್ಟೆ.

ಈಗಿನ ಹೋತವನ್ನು 14,000 ರೂಪಾಯಿಗೆ ತಂದೆ. ಒಂದೂವರೆ ವರ್ಷದ್ದು, ಅವಳಿಯಲ್ಲಿ ಹುಟ್ಟಿದ್ದು. ರಕ್ತ ಪರೀಕ್ಷೆ ಮಾಡಿಸಿ ಆಮೇಲೆ ದುಡ್ಡು ಕೊಟ್ಟೆ. ಒಂದು ಹೋತಕ್ಕೆ 25ರಿಂದ 30 ಮೇಕೆ ಲೆಕ್ಕ, ನನಗೆ ಧಾರಾಳ. ಅದನ್ನು ಹಿಂಡಿನಲ್ಲಿ ಬಿಡುವುದಿಲ್ಲ, ದೂರದ ಬೇರೆ ದೊಡ್ಡಿಯಲ್ಲಿ ಕಟ್ಟುತ್ತೇನೆ. ಬೆಳಿಗ್ಗೆ, ಸಂಜೆ ಹಗ್ಗ ಹಿಡಿದು ಮೇಕೆಗಳ ಸಾಲಿನಲ್ಲಿ ಹತ್ತು ನಿಮಿಷ ಓಡಾಡಿಸುತ್ತೇನೆ. ಮೂಸುತ್ತದೆ, ತುಟಿ ಮೇಲೆತ್ತುತ್ತದೆ, ಮುಂದೆ ಹೋಗುತ್ತದೆ. ಬೆದೆಗೆ ಬಂದ ಮೇಕೆ ಓಡುವುದಿಲ್ಲ, ಕಲ್ಲಿನ ಹಾಗೆ ನಿಂತುಬಿಡುತ್ತದೆ. ನಾನು ಊಹೆ ಮಾಡಬೇಕಾಗಿಲ್ಲ. ಆ ದಿನವೇ ಹೋತವನ್ನು ಅದರ ಹತ್ತಿರ ಒಮ್ಮೆ ಬಿಡುತ್ತೇನೆ, 12 ಗಂಟೆ ಕಳೆದು ಇನ್ನೊಮ್ಮೆ ಬಿಡುತ್ತೇನೆ. ಕ್ಯಾಲೆಂಡರಿನಲ್ಲಿ ತಾರೀಖು ಬರೆದು 150 ದಿನ ಎಣಿಸಿದರೆ ಈಯುವ ದಿನ ಹತ್ತಿರ ಹತ್ತಿರ ಸಿಗುತ್ತದೆ. ಮೊದಲ ಸುತ್ತಿನಲ್ಲೇ 18ರಲ್ಲಿ 15 ಗಬ್ಬವಾದವು.

ವಾಸನೆ ಇದೆ, ಹಾಲು ಕರೆಯುವ ಮೊದಲು ಕೈ ತೊಳೆಯಲೇಬೇಕು. ವರ್ಷಪೂರ್ತಿ ಮೇವು, ಹಿಂಡಿ ಖರ್ಚು. ಗಂಡು ಮರಿಗಳನ್ನು 3 ತಿಂಗಳಿಗೇ ಬೇರೆ ಮಾಡಬೇಕು. ಎರಡು ವರ್ಷಕ್ಕೆ ಹೋತ ಬದಲಾಯಿಸಬೇಕು, ಇಲ್ಲವಾದರೆ ಅದೇ ಅಪ್ಪ ಮಗಳ ಕಥೆ.

ನಾಲ್ಕೈದು ಮೇಕೆ ಇಟ್ಟುಕೊಂಡವರಿಗೆ ಹೋತ ಹೊರೆಯೇ. ಮನೆಯಲ್ಲಿ ಹಗಲಿಡೀ ಯಾರಾದರೂ ಇದ್ದು, ಕಡ್ಡಿ ಹಾಕುವವರು ಅದೇ ದಿನ ಬರುವಷ್ಟು ಹತ್ತಿರವಿದ್ದರೆ ಅವರು ಕಡ್ಡಿಗೇ ಹೋಗಲಿ. ನಾನು 9 ಗಂಟೆಗೆ ಅಂಗಡಿ ತೆರೆಯಬೇಕು, ಸಂಜೆ 6ಕ್ಕೆ ಕೊಟ್ಟಿಗೆಗೆ ಬರುವವನು. ನನಗೆ ಅದು ಹೊಂದಲಿಲ್ಲ.

ಉಸ್ಮಾನಾಬಾದಿ ಆಸೆ ಬಿಟ್ಟಿಲ್ಲ. ಈ ಸಲ ಎರಡು ಮೇಕೆಗೆ ಮಾತ್ರ ಕಡ್ಡಿ ಹಾಕಿಸುತ್ತೇನೆ, ಒಂದು ಕೆಂಚಿ. ಬೆದೆ ತೋರಿಸುವ ಕೆಲಸ ಹೋತಕ್ಕೇ. ಹತ್ತಿದರೂ ಕೂಡದ ಹಾಗೆ ಅದರ ಹೊಟ್ಟೆಗೆ ಕಟ್ಟಲು ಟಾರ್ಪಾಲಿನ ತುಂಡೊಂದನ್ನು ಹೊಲಿಸಿ ಇಟ್ಟಿದ್ದೇನೆ.