ಮಿಡ್ಲ್‌ಮಾರ್ಚ್ ಓದೋದಾ, ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್ ಓದೋದಾ?

ವಿಕ್ಟೋರಿಯನ್ ಕಾದಂಬರಿ, ಅಂದ್ರೆ ವಿಕ್ಟೋರಿಯಾ ರಾಣಿ ಕಾಲದ ಇಂಗ್ಲಿಷ್ ಕಾದಂಬರಿ, ಇದೇ ಮೊದ್ಲು ಓದ್ತಿರೋದಾದ್ರೆ ಕಣ್ಮುಚ್ಚಿ ಥಾಮಸ್ ಹಾರ್ಡಿ ಬರೆದ ಫಾರ್ ಫ್ರಮ್ ದ ಮ್ಯಾಡಿಂಗ್ ಕ್ರೌಡ್ ತಗೊಳ್ಳಿ. 1874ರದ್ದು, ಆದ್ರೂ ಸರಸರ ಓದಿಸ್ಕೊಂಡು ಹೋಗುತ್ತೆ. ಶುರುವಲ್ಲೇ ಗೇಬ್ರಿಯಲ್ ಓಕ್ ಸಾಲದಲ್ಲಿ ಕಟ್ಟಿದ ಕುರಿಹಿಂಡನ್ನ ಅವನದೇ ಎಳೆ ನಾಯಿ ಅಟ್ಟಿಸ್ಕೊಂಡು ಹೋಗಿ ಕ್ವಾರಿ ಗುಂಡಿಗೆ ಬೀಳಿಸಿಬಿಡುತ್ತೆ, ರಾತ್ರಿ ಬೆಳಗಾಗೋದ್ರಲ್ಲಿ ಎಲ್ಲಾ ಹೋಗಿ, ಕೊನೆಗೆ ತಾನು ಮದುವೆಗೆ ಕೇಳಿದ್ದ ಬಾತ್‌ಶೀಬಾ ಹತ್ರಾನೇ ಕುರಿ ಕಾಯೋಕೆ ಸೇರ್ತಾನೆ, ಅವಳು ಅಷ್ಟೊತ್ತಿಗೆ ಅಂಕಲ್ ಬಿಟ್ಟುಹೋದ ಫಾರ್ಮಿಗೆ ಒಡತಿ. ಅಂತಸ್ತು ಹೀಗೆ ತಲೆಕೆಳಗಾಗೋದನ್ನ ಎಲ್ಲೂ ಭಾಷಣ ಇಲ್ದೆ ಹೇಳ್ತಾರೆ. ಬಿರುಗಾಳಿ ರಾತ್ರಿ ಅವಳ ಬಣವೆಗಳನ್ನ ಅವನು ಉಳಿಸೋ ಅಧ್ಯಾಯ ಅಂತೂ ಅದ್ಭುತ.

ಜಾರ್ಜ್ ಎಲಿಯಟ್ ಅವರ ಮಿಡ್ಲ್‌ಮಾರ್ಚ್ 1871-72ರಲ್ಲಿ 8 ಭಾಗವಾಗಿ ಬಂದಿದ್ದು, ದಪ್ಪ ಪುಸ್ತಕ, ಪಾತ್ರಗಳು ಜಾಸ್ತಿ, ತಾಳ್ಮೆ ಬೇಕು. ಬಯಲಿಗಿಂತ ಊರಿನ ಡ್ರಾಯಿಂಗ್ ರೂಮುಗಳೇ ಹೆಚ್ಚು. ಆದ್ರೆ ಮಹತ್ವಾಕಾಂಕ್ಷೆ ಬಗ್ಗೆ ಓದ್ಬೇಕು ಅಂದ್ರೆ ಇದೇ, ಡಾಕ್ಟರ್ ಲಿಡ್‌ಗೇಟ್ ದೊಡ್ಡ ಸಂಶೋಧನೆ ಮಾಡ್ಬೇಕು ಅಂತ ಬಂದವನು ರೋಸಮಂಡ್‌ನ ಮದುವೆ ಆಗಿ ಮನೆ ಸಾಮಾನು, ಬೆಳ್ಳಿ ಸಾಲದಲ್ಲೇ ಮುಳುಗಿ ಹೋಗೋದು ಓದ್ತಾ ಎದೆ ಭಾರ ಆಗುತ್ತೆ. ನನಗೆ ಇದೇ ದೊಡ್ಡ ಕೃತಿ. ಶುರುವಲ್ಲಿ ಬರೋ ನಾಯಕಿ ಡೊರೋಥಿಯಾ ಮದುವೆ ಭಾಗ ನಿಧಾನ ಅನ್ಸಿದ್ರೂ ಬಿಡ್ಬೇಡಿ, ಲಿಡ್‌ಗೇಟ್ ಬರೋವರೆಗಾದ್ರೂ ಓದಿ.