ಹೆಡ್ ಇಳಿಸಿ ಕೂರಿಸಿದ ಹದಿಮೂರು ದಿನ: ಸುಂಟಿಕೊಪ್ಪದ ಫಲಕವಿಲ್ಲದ ಗ್ಯಾರೇಜ್

ಸುಂಟಿಕೊಪ್ಪದಿಂದ ಕುಶಾಲನಗರದ ಕಡೆಗೆ ಹೊರಟಾಗ ಸಿಗುವ ಈ ಗ್ಯಾರೇಜಿಗೆ ಹೆಸರಿನ ಫಲಕವಿಲ್ಲ. ಹಳೆಯ ಜೀಪೊಂದರ ಬಾನೆಟ್ಟನ್ನು ಸಿಲ್ವರ್ ಓಕ್ ಮರಕ್ಕೆ ಒರಗಿಸಿಟ್ಟಿರುವುದೇ ಅದರ ಗುರುತು. ನನ್ನ 2004ರ ಮಾರುತಿ ಜಿಪ್ಸಿಯ ಸಿಲಿಂಡರ್ ಹೆಡ್ಡನ್ನು, ಅಂದರೆ ಎಂಜಿನ್ನಿನ ಮೇಲ್ಮುಚ್ಚಳದಂಥ ಭಾಗವನ್ನು, ಇಳಿಸಿ, ಸರಿಪಡಿಸಿ, ಮತ್ತೆ ಕೂರಿಸುವ ಕೆಲಸವನ್ನು ಕಳೆದ ಫೆಬ್ರುವರಿಯಲ್ಲಿ ಅಲ್ಲಿಗೆ ಒಪ್ಪಿಸಿದ್ದೆ. ಕೆಲಸಕ್ಕೆ ಹದಿಮೂರು ದಿನ ಹಿಡಿಯಿತು, ಒಟ್ಟು 23,600 ರೂಪಾಯಿ ಖರ್ಚಾಯಿತು. ಕೈಕೆಲಸದ ಗುಣಮಟ್ಟದ ಬಗ್ಗೆ ನನಗೆ ದೂರಿಲ್ಲ. ಮಾತು ಕೊಟ್ಟ ದಿನಕ್ಕೆ ಗಾಡಿ ಸಿಗುವ ವಿಷಯದಲ್ಲಿ ಇದೆ.

ಹಿನ್ನೆಲೆಯನ್ನು ಹೇಳದಿದ್ದರೆ ಈ ಕೆಲಸದ ಬೆಲೆ ತಿಳಿಯುವುದಿಲ್ಲ. ಇದೇ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ಟನ್ನು (ಹೆಡ್ಡಿಗೂ ಸಿಲಿಂಡರುಗಳಿರುವ ಬ್ಲಾಕಿಗೂ ನಡುವೆ ಸೋರದಂತೆ ಕೂರಿಸುವ ತೆಳು ಹಾಳೆ) ಅದಕ್ಕೆ ಮೂರು ತಿಂಗಳ ಹಿಂದೆ ಬೇರೊಂದು ಊರಿನ ಗ್ಯಾರೇಜಿನಲ್ಲಿ ಬದಲಾಯಿಸಿದ್ದೆ. ಬೆಳಿಗ್ಗೆ ಬಿಟ್ಟ ಗಾಡಿ ಮರುದಿನ ಸಂಜೆಗೆ ಕೈಸೇರಿತ್ತು, ನಾನೂ ಆ ಚುರುಕುತನವನ್ನು ನಾಲ್ಕು ಜನರ ಮುಂದೆ ಹೊಗಳಿದ್ದೆ. ಫೆಬ್ರುವರಿಯಲ್ಲಿ ಮಂಗಳೂರಿನಿಂದ ಮರಳುವಾಗ, ಸಂಪಾಜೆ ದಾಟಿ ಏರು ಹತ್ತುತ್ತಾ ಮದೆನಾಡು ತಲುಪುವಷ್ಟರಲ್ಲಿ, ಉಷ್ಣಾಂಶದ ಮುಳ್ಳು ಕೆಂಪು ಗೆರೆಗೆ ತಾಗಿ, ಬಾನೆಟ್ಟಿನ ಸಂದಿಯಿಂದ ಆವಿ ಹೊರಟಿತು. ರೋಬಸ್ಟಾ ಕೊಯ್ಲು ಮುಗಿಯದೆ ಕಣದಲ್ಲಿ ಕಾಫಿ ಹರಡಿದ್ದ, ಇತ್ತ ಕಾಫಿ ಹೂ ಅರಳಿಸುವ ಹೂಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಹಾಕಲು ಪೈಪುಗಳನ್ನು ಸಾಗಿಸಬೇಕಾಗಿದ್ದ ದಿನಗಳವು. ಗಾಡಿಯಿಲ್ಲದೆ ತೋಟದಲ್ಲಿ ಒಂದು ದಿನ ಕಳೆಯುವುದೂ ಕಷ್ಟ.

ಎಳೆತಂದ ಗಾಡಿಯನ್ನು ನೋಡಿದ ಮೇಸ್ತ್ರಿ ಮೊದಲು ಕೈಹಾಕಿದ್ದು ಸ್ಪ್ಯಾನರಿಗಲ್ಲ. ಎಣ್ಣೆ ತುಂಬುವ ಮುಚ್ಚಳದ ಒಳಗೆ ಮಜ್ಜಿಗೆಯಂಥ ಬಿಳಿ ನೊರೆ ಇರುವುದನ್ನು ತೋರಿಸಿ ನೀರು ಎಣ್ಣೆಗೆ ಬೆರೆತಿದೆ, ಗ್ಯಾಸ್ಕೆಟ್ ಹೋಗಿದೆಯೆಂದು ನಾನೇ ತೀರ್ಪು ಕೊಟ್ಟೆ. ಕೊಡಗಿನ ಚಳಿ ಮತ್ತು ತೇವದಲ್ಲಿ, ಮನೆಯಿಂದ ಪೇಟೆಗೆ ಮಾತ್ರ ಓಡುವ ಗಾಡಿಗಳಲ್ಲಿ ಎಂಜಿನ್ ಪೂರ್ತಿ ಕಾಯದೆ ಒಳಗಿನ ತೇವಾಂಶವೇ ಹಾಗೆ ನೊರೆಗಟ್ಟುತ್ತದೆ, ಅದೊಂದನ್ನೇ ನಂಬಿ ಹೆಡ್ ಬಿಚ್ಚಬಾರದು ಎಂದು ಅವರು ಡಿಪ್‌ಸ್ಟಿಕ್ ಎಳೆದು ನೋಡಿದರು. ಅಲ್ಲಿ ಎಣ್ಣೆ ಶುದ್ಧವಾಗಿತ್ತು. ಬಳಿಕ ನಾಲ್ಕೂ ಪ್ಲಗ್ಗುಗಳನ್ನು ತೆಗೆದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿಸಿ, ಒಂದೊಂದೇ ಸಿಲಿಂಡರಿನ ಕಂಪ್ರೆಷನ್, ಅಂದರೆ ಒಳಗಿನ ಒತ್ತಡ, ಅಳೆದರು. ಒಂದನೆಯದು ಮತ್ತು ನಾಲ್ಕನೆಯದು ಸರಿಯಿದ್ದವು. ಅಕ್ಕಪಕ್ಕದ ಎರಡು ಮತ್ತು ಮೂರರಲ್ಲಿ ಮಾತ್ರ ಒತ್ತಡ ಒಂದೇ ಪ್ರಮಾಣದಲ್ಲಿ ಕುಸಿದಿತ್ತು. ಜೊತೆಯಾಗಿರುವ ಎರಡು ಸಿಲಿಂಡರುಗಳು ಒಟ್ಟಿಗೆ ಸೋತರೆ ಅವುಗಳ ನಡುವಿನ ಕಿರಿದಾದ ಪಟ್ಟಿಯಲ್ಲಿ ಗ್ಯಾಸ್ಕೆಟ್ ಸುಟ್ಟಿರುವ ಸಂಭವವೇ ಹೆಚ್ಚು. ಇಷ್ಟನ್ನು ಖಚಿತಪಡಿಸಿಕೊಂಡ ಮೇಲೆಯೇ ಬಿಚ್ಚುವ ಮಾತು ಬಂತು.

ಬಿಚ್ಚುವ ಕೆಲಸ ಒಂದೇ ದಿನದ್ದು. ಬ್ಯಾಟರಿ ತಂತಿ ಕಳಚಿ, ಎಂಜಿನ್ ತಣಿಸುವ ಕೂಲಂಟ್ ಇಳಿಸಿ, ಗಾಳಿ ಮತ್ತು ಹೊಗೆ ಸಾಗುವ ಮ್ಯಾನಿಫೋಲ್ಡುಗಳನ್ನು ಬೇರ್ಪಡಿಸಿ, ಟೈಮಿಂಗ್ ಗುರುತುಗಳನ್ನು ಹೊಂದಿಸಿಕೊಂಡು ವಾಲ್ವುಗಳನ್ನು ಸಮಯಕ್ಕೆ ತೆರೆಯಿಸುವ ಬೆಲ್ಟ್ ತೆಗೆದರು. ಹುಡುಗನೊಬ್ಬ ಪ್ರತಿ ಪೈಪಿಗೂ ತಂತಿಗೂ ಬಣ್ಣದ ದಾರ ಕಟ್ಟುತ್ತಿದ್ದ. ಅವನ ಶ್ರದ್ಧೆ ಕಂಡು ಸಂತೋಷವಾಯಿತು. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ, ಅಂದರೆ ಒಂದು ರಾತ್ರಿ ಕಳೆಯುವವರೆಗೆ, ಹೆಡ್ ಬೋಲ್ಟುಗಳನ್ನು ಮುಟ್ಟಲಿಲ್ಲ. ಬೆಳಿಗ್ಗೆ ಹತ್ತೂ ಬೋಲ್ಟುಗಳನ್ನು ಹೊರ ಅಂಚಿನಿಂದ ನಡುವಿನತ್ತ, ಸ್ವಲ್ಪ ಸ್ವಲ್ಪವಾಗಿ, ಹಲವು ಸುತ್ತುಗಳಲ್ಲಿ ಸಡಿಲಿಸಿದರು. ಬಿಸಿಯಿರುವಾಗ ಒಂದೇ ಕಡೆಯಿಂದ ಬಿಚ್ಚುತ್ತಾ ಹೋದರೆ ಅಲ್ಯೂಮಿನಿಯಂ ಹೆಡ್ ಬಾಗುತ್ತದೆ.

ಮೂರು ತಿಂಗಳ ಹಿಂದಿನ ಅವಸರದ ಕಥೆಯೆಲ್ಲ ಹೆಡ್ ಮೇಲೆದ್ದಾಗ ಕಣ್ಣಿಗೆ ಬಿತ್ತು. ಈ ಎಂಜಿನ್ನಿನಲ್ಲಿ ಹೆಡ್ ಮಾತ್ರವಲ್ಲ, ಬ್ಲಾಕ್ ಕೂಡ ಅಲ್ಯೂಮಿನಿಯಮ್ಮಿನದೇ. ಅಂಥ ಮೆತ್ತನೆಯ ಲೋಹದ ಮೇಲೆ ಅಂಟಿದ್ದ ಹಳೆಯ ಗ್ಯಾಸ್ಕೆಟ್ಟನ್ನು ಹಿಂದಿನವರು ತಿರುಗುವ ಮರಳುಕಾಗದದ ಬಿಲ್ಲೆಯಿಂದ ಉಜ್ಜಿ ತೆಗೆದಿದ್ದರು. ಬೆರಳಾಡಿಸಿದರೆ ಉಗುರಿಗೆ ಸಿಗುವಂಥ ಬಳೆಬಳೆಯ ಗೀರುಗಳು ಹಾಗೆಯೇ ಉಳಿದಿದ್ದವು. ಮೇಸ್ತ್ರಿ ಅದನ್ನು ನೋಡಿ ಏನೂ ಹೇಳಲಿಲ್ಲ, ಸ್ಟೀಲಿನ ಪಟ್ಟಿಯೊಂದನ್ನು ಬಟ್ಟೆಯಲ್ಲಿ ಒರೆಸಿಕೊಂಡು ಬಂದರು. ಆ ನೇರ ಅಂಚನ್ನು ಹೆಡ್ಡಿನ ಮೇಲೆ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟು, ಅಡಿಯಲ್ಲಿ ಫೀಲರ್ ಗೇಜಿನ ಎಲೆಗಳನ್ನು, ಅಂದರೆ ಗೊತ್ತಾದ ದಪ್ಪದ ತೆಳು ಲೋಹದ ಪಟ್ಟಿಗಳನ್ನು, ತೂರಿಸಿ ಅಳೆದರು. ಈ ಎಂಜಿನ್ನಿಗೆ ಸುಜುಕಿ ಒಪ್ಪುವ ಬಾಗು ಹೆಚ್ಚೆಂದರೆ 0.05 ಮಿಲಿಮೀಟರ್, ನನ್ನ ಹೆಡ್ಡಿನ ನಡುವೆ 0.12 ಮಿಲಿಮೀಟರಿನ ಎಲೆ ಸಲೀಸಾಗಿ ಜಾರಿತು. ಕೂದಲಿನ ಎಳೆಗಿಂತ ತುಸು ದಪ್ಪದ ಈ ಸಂದನ್ನು ಹೊಸ ಗ್ಯಾಸ್ಕೆಟ್ ತುಂಬಿಕೊಡುತ್ತದೆಂದು ನಂಬಿದ್ದಕ್ಕೆ ನಾನು ಎರಡು ಬಾರಿ ಹಣ ತೆತ್ತಂತಾಯಿತು. ಬ್ಲಾಕಿನ ಮೇಲ್ಮೈಯನ್ನೂ ಹಾಗೆಯೇ ಅಳೆದರು, ಅದೃಷ್ಟಕ್ಕೆ ಅದು ಮಿತಿಯೊಳಗಿತ್ತು.

ಹೆಡ್ಡಿನ ಮುಖವನ್ನು ಸಮ ಮಾಡುವ ಯಂತ್ರ ಇವರಲ್ಲಿಲ್ಲ. ಬಸ್ಸಿನಲ್ಲಿ ಅದು ಮೈಸೂರಿಗೆ ಹೋಗಿ, ಅಲ್ಲಿನ ಯಂತ್ರಶಾಲೆಯಲ್ಲಿ ಸರದಿ ಕಾದು, ಬಿರುಕಿದೆಯೇ ಎಂದು ಒತ್ತಡದ ಪರೀಕ್ಷೆ ಮಾಡಿಸಿಕೊಂಡು, 0.15 ಮಿಲಿಮೀಟರ್ ಸವೆಸಿಕೊಂಡು ಬಂತು. ಅಗತ್ಯಕ್ಕಿಂತ ಹೆಚ್ಚು ಸವೆಸಿದರೆ ದಹನದ ಕೋಣೆ ಕಿರಿದಾಗಿ ಎಂಜಿನ್ ಬಡಿಯಲಾರಂಭಿಸುತ್ತದೆ. ಆದ್ದರಿಂದ ಹೆಡ್ಡಿನ ದಪ್ಪವನ್ನು ಹೋಗುವ ಮುನ್ನ ಮತ್ತು ಬಂದ ಮೇಲೆ ಅಳೆದು ಗೋಡೆಯ ಕ್ಯಾಲೆಂಡರಿನ ಮೇಲೆ ಬರೆದಿದ್ದರು. ಹದಿನಾರು ವಾಲ್ವುಗಳನ್ನು ಸೀಟಿಗೆ ಉಜ್ಜಿ ಹೊಂದಿಸಿ, ಸೀಮೆಎಣ್ಣೆ ಸುರಿದು ಸೋರದಿರುವುದನ್ನು ತೋರಿಸಿದರು. ವಾಲ್ವುಗಳ ಸ್ಟೆಮ್ ಸೀಲುಗಳು, ಟೈಮಿಂಗ್ ಬೆಲ್ಟ್ ಹೊಸವು.

ಕೂರಿಸುವಾಗ ಮಾಡಿದ ಒಂದು ಕೆಲಸವನ್ನು ನಾನು ಬೇರೆಲ್ಲೂ ನೋಡಿರಲಿಲ್ಲ. ಬ್ಲಾಕಿನಲ್ಲಿರುವ ಬೋಲ್ಟಿನ ರಂಧ್ರಗಳೊಳಗೆ ನಿಂತಿದ್ದ ನೀರು ಮತ್ತು ಎಣ್ಣೆಯನ್ನು ಬಟ್ಟೆಯಿಂದ ಹೀರಿಸಿ, ಗಾಳಿ ಊದಿ, ಪ್ರತಿ ಬೋಲ್ಟನ್ನೂ ಕೈಯಿಂದಲೇ ಕೊನೆಯವರೆಗೆ ತಿರುಗಿಸಿ ನೋಡಿದರು. ತಳದಲ್ಲಿ ದ್ರವ ಉಳಿದರೆ ಬೋಲ್ಟ್ ಅದರ ಮೇಲೆ ಒತ್ತಿ ನಿಲ್ಲುತ್ತದೆ. ಟಾರ್ಕ್ ರೆಂಚ್ ಸರಿಯಾದ ಬಿಗಿತ ಬಂದಿದೆಯೆಂದು ಟಕ್ ಎನ್ನುತ್ತದೆ, ಹೆಡ್ ಮಾತ್ರ ಬಿಗಿದಿರುವುದಿಲ್ಲ. ನಂತರ ಕೈಪಿಡಿಯ ಕ್ರಮದಂತೆ ನಡುವಿನಿಂದ ಹೊರಕ್ಕೆ ಮೂರು ಹಂತಗಳಲ್ಲಿ ಬಿಗಿದರು.

ಮೊದಲಿಗೆ ಎಂಜಿನ್ ಕಾದದ್ದಾದರೂ ಏಕೆ ಎಂಬ ಪ್ರಶ್ನೆಯನ್ನೂ ಅವರು ಬಿಡಲಿಲ್ಲ. ಬಿಸಿಯಾದಾಗ ತೆರೆದು ಕೂಲಂಟನ್ನು ಹರಿಯಬಿಡುವ ಥರ್ಮೋಸ್ಟಾಟನ್ನು ಪಾತ್ರೆಯ ನೀರಿನಲ್ಲಿ ಕುದಿಸಿ ನೋಡಿದರೆ ಅದು ಸರಿಯಾಗಿಯೇ ತೆರೆಯಿತು. ತಪ್ಪು ಸಿಕ್ಕಿದ್ದು ರೇಡಿಯೇಟರಿನ ಮುಚ್ಚಳದಲ್ಲಿ: ರಬ್ಬರ್ ಒಣಗಿ ಒತ್ತಡ ಹಿಡಿಯುತ್ತಿರಲಿಲ್ಲ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ತೆರೆದ ಪಾತ್ರೆಯ ನೀರು 96 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ಒಳ್ಳೆಯ ಮುಚ್ಚಳ ಆ ಮಿತಿಯನ್ನು 110 ಡಿಗ್ರಿಗೂ ಮೇಲಕ್ಕೆ ಒಯ್ಯುತ್ತದೆ. ಬಯಲುಸೀಮೆಯಲ್ಲಿ ಹೇಗೋ ಓಡುವ ಕೆಟ್ಟ ಮುಚ್ಚಳ ಘಟ್ಟದ ಏರಿನಲ್ಲಿ ಕೈಕೊಡುವುದು ಇದೇ ಕಾರಣಕ್ಕೆ. ಕೆಲವು ನೂರು ರೂಪಾಯಿಯ ಆ ವಸ್ತುವನ್ನು ಹಿಂದಿನ ಬಾರಿ ಯಾರೂ, ನಾನೂ ಸೇರಿ, ತೆರೆದು ನೋಡಿರಲಿಲ್ಲ.

ಇನ್ನು ದೂರುಗಳು. ಐದು ದಿನ ಎಂದವರು ಹದಿಮೂರು ದಿನ ತೆಗೆದುಕೊಂಡರು. ಮೈಸೂರಿನಲ್ಲಿ ತಡವಾದದ್ದು ಅವರ ತಪ್ಪಲ್ಲ, ಆದರೆ ತಡವಾಗುತ್ತಿದೆಯೆಂದು ಒಂದು ಫೋನ್ ಮಾಡುವುದು ಅವರ ಕೈಯಲ್ಲಿತ್ತು. ನಾನು ಮಾಡಿದ ಕರೆಗಳಿಗೂ ಉತ್ತರ ಸಿಗದೆ, ಎರಡು ಬಾರಿ ಬಸ್ಸಿನಲ್ಲಿ ಹೋಗಿ ಬಾಡಿದ ಮುಖದಿಂದ ಮರಳಿದೆ. ಬಾಡಿಗೆ ಜೀಪಿಗೆ ಕೊಟ್ಟ ಹಣವನ್ನು ಮೇಲಿನ ಲೆಕ್ಕದಲ್ಲಿ ಸೇರಿಸಿಲ್ಲ. ಬಿಲ್ ಕೇಳಿದಾಗ ಸಿಕ್ಕಿದ್ದು ನೋಟ್‌ಬುಕ್ಕಿನ ಹರಿದ ಹಾಳೆ. ಬಿಡಿಭಾಗಗಳ ಅಂಗಡಿ ರಸೀದಿಗಳನ್ನು ಮಾತ್ರ ಒಂದೂ ಬಿಡದೆ ಪಿನ್ ಮಾಡಿ ಕೊಟ್ಟರು, ಹಳೆಯ ಭಾಗಗಳನ್ನೂ ಗೋಣಿಚೀಲದಲ್ಲಿ ಕಟ್ಟಿಟ್ಟಿದ್ದರು. ಕೂಲಿಯಾಗಿ ಪಡೆದ 8,500 ರೂಪಾಯಿ ನಡೆದ ಕೆಲಸಕ್ಕೆ ಹೆಚ್ಚೆಂದು ನಾನು ಹೇಳಲಾರೆ.

ಸಾವಿರ ಕಿಲೋಮೀಟರ್ ಓಡಿದ ಮೇಲೆ ಕರೆಸಿಕೊಂಡು ಟ್ಯಾಪೆಟ್ ಸಂದುಗಳನ್ನು (ವಾಲ್ವುಗಳಿಗೂ ಅವನ್ನು ಒತ್ತುವ ಭಾಗಗಳಿಗೂ ನಡುವಿನ ಅಂತರ) ಮತ್ತೆ ಹೊಂದಿಸಿದರು, ಅದಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಈಗ 4,200 ಕಿಲೋಮೀಟರ್ ಕಳೆದಿದೆ. ಮಳೆಗಾಲಕ್ಕೆ ಮುನ್ನ ತುಂಬಿದ ಲೋಡಿನೊಂದಿಗೆ ಸಂಪಾಜೆ ಘಟ್ಟವನ್ನು ಮೂರು ಬಾರಿ ಹತ್ತಿದ್ದೇನೆ, ಮುಳ್ಳು ನಡುಗೆರೆ ದಾಟಿಲ್ಲ, ಕೂಲಂಟ್ ತೊಟ್ಟಿಯ ಮಟ್ಟವೂ ಇಳಿದಿಲ್ಲ. ಟ್ಯಾಪೆಟ್ ಕವರಿನ ಹಿಂಬದಿಯಲ್ಲಿ ಮಾತ್ರ ಎಣ್ಣೆ ಸಣ್ಣಗೆ ಜಿನುಗುತ್ತಿದೆ. ತಂದರೆ ಅರ್ಧ ಗಂಟೆಯಲ್ಲಿ ಮುಗಿಸಿ ಕೊಡುತ್ತೇನೆಂದು ಮೇಸ್ತ್ರಿ ಹೇಳಿದ್ದಾರೆ. ನಾನು ಒಂದು ಪೂರ್ತಿ ದಿನ ಬಿಡುವು ಮಾಡಿಕೊಂಡೇ ಹೋಗಲಿದ್ದೇನೆ.