‘ಅದೇ, ಪು. 52’: ಮರುಉಲ್ಲೇಖಗಳಿಗೆ ಜೊಟೆರೊ ಮತ್ತು ಬಿಬ್‌ಲಾಟೆಕ್

ಶಿವಮೊಗ್ಗ ಸೀಮೆಯ ಶಾಸನಗಳನ್ನು ಕುರಿತ ಪ್ರಬಂಧದ ಒಂದು ಅಧ್ಯಾಯದಲ್ಲಿ ನನಗೆ 140 ಅಡಿಟಿಪ್ಪಣಿಗಳಿದ್ದವು. ಅವುಗಳಲ್ಲಿ ಹೆಚ್ಚಿನವು ಬಿ. ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7 ಮತ್ತು 8ನೆಯ ಸಂಪುಟಗಳಿಗೇ ಮರಳುತ್ತಿದ್ದವು. ‘ಅದೇ’ (ಹಿಂದಿನ ಟಿಪ್ಪಣಿಯ ಗ್ರಂಥವೇ), ‘ಪೂರ್ವೋಕ್ತ’ (ಮೊದಲೇ ಹೇಳಿದ ಗ್ರಂಥ) ಎಂದೆಲ್ಲ ಕೈಯಾರೆ ಟೈಪ್ ಮಾಡಿದ್ದೆ. ಒಂದು ಪ್ಯಾರಾವನ್ನು ಅಧ್ಯಾಯದ ಕೊನೆಯಿಂದ ಮೊದಲಿಗೆ ತಂದಾಗ 97ನೆಯ ಟಿಪ್ಪಣಿ 12ನೆಯದಾಯಿತು, ಅದರೊಳಗಿನ ‘ಅದೇ, ಪು. 52’ ಸಂಬಂಧವೇ ಇಲ್ಲದ ಗ್ರಂಥವೊಂದನ್ನು ತೋರಿಸತೊಡಗಿತು. ಆ ಬಳಿಕ ಇಡೀ ಅಧ್ಯಾಯವನ್ನು, ಉಲ್ಲೇಖಗಳನ್ನು ತಾನೇ ಜೋಡಿಸುವ ತಂತ್ರಾಂಶವಾದ ಜೊಟೆರೊದಲ್ಲಿ ಒಮ್ಮೆ, ಆದೇಶಗಳನ್ನು ಬರೆದು ಪಿಡಿಎಫ್ ಸಿದ್ಧಪಡಿಸುವ ಲಾಟೆಕ್ ವ್ಯವಸ್ಥೆಯ ಉಲ್ಲೇಖ ಪ್ಯಾಕೇಜ್ ಆದ ಬಿಬ್‌ಲಾಟೆಕ್‌ನಲ್ಲಿ ಒಮ್ಮೆ ಸಿದ್ಧಪಡಿಸಿ, ಅದೇ ಪ್ಯಾರಾವನ್ನು ಅತ್ತಿತ್ತ ಸರಿಸಿ ನೋಡಿದೆ.

ಜೊಟೆರೊ ಉಚಿತ; ವರ್ಡ್‌ನಲ್ಲಿಯೂ ಲಿಬ್ರೆಆಫೀಸ್‌ನಲ್ಲಿಯೂ ನಡೆಯುತ್ತದೆ. ಪ್ಯಾರಾ ಸರಿಸಿ ರಿಫ್ರೆಶ್ ಒತ್ತಿದರೆ ಎಲ್ಲಿ ಪೂರ್ಣ ವಿವರ ಬೇಕು, ಎಲ್ಲಿ ಸಂಕ್ಷಿಪ್ತ ರೂಪ ಸಾಕು ಎಂಬುದನ್ನು ಅದು ಹೊಸದಾಗಿ ತೀರ್ಮಾನಿಸುತ್ತದೆ. ಆದರೆ ತಾನು ಸೇರಿಸಿದ ಉಲ್ಲೇಖಗಳಷ್ಟೇ ಅದಕ್ಕೆ ಗೊತ್ತು. ಒಂದು ಟಿಪ್ಪಣಿಯ ಕೊನೆಗೆ ನಾನು ‘ಚಿದಾನಂದಮೂರ್ತಿಯವರನ್ನೂ ನೋಡಿ’ ಎಂದು ಕೈಯಿಂದ ಬರೆದಿದ್ದೆ. ತಂತ್ರಾಂಶಕ್ಕೆ ಅದು ಬರಿಯ ಅಕ್ಷರಸಾಲು. ಹಾಗಾಗಿ ಮುಂದಿನ ಟಿಪ್ಪಣಿಯಲ್ಲಿ ರೈಸ್ ಸಂಪುಟಕ್ಕೆ ‘ಅದೇ’ ಎಂದು ಬಂತು, ಓದುವವರಿಗೆ ಮಾತ್ರ ಅದು ಚಿದಾನಂದಮೂರ್ತಿಯವರ ಗ್ರಂಥವೆಂದೇ ತೋರುತ್ತದೆ. ಎರಡನೆಯ ಆಕರವನ್ನೂ ಅದೇ ಉಲ್ಲೇಖದೊಳಗೆ ಜೊಟೆರೊದ ಮೂಲಕವೇ ಸೇರಿಸಿದಾಗ ಈ ಗೊಂದಲ ನೀಗಿತು.

ಬಿಬ್‌ಲಾಟೆಕ್ ಮಾಡಿದವರು ಈ ತೊಡಕನ್ನು ಮೊದಲೇ ಊಹಿಸಿದ್ದಾರೆ. ಕೈಯಿಂದ ಬರೆದ ಆಕರದ ಬಳಿ ‘ಮ್ಯಾನ್‌ಸೈಟ್’ ಎಂಬ ಆದೇಶವನ್ನು ಇಟ್ಟರೆ, ಅದರ ನಂತರ ‘ಅದೇ’ ಬರುವುದಿಲ್ಲ. ಪುಟ ತಿರುವಿದ ಮೇಲೆ ಮೊದಲ ಟಿಪ್ಪಣಿಯೇ ‘ಅದೇ’ ಆಗದಂತೆ ತಡೆಯುವ ಸೌಲಭ್ಯವೂ ಇದರಲ್ಲಿದೆ. ಇಷ್ಟು ಸೂಕ್ಷ್ಮವನ್ನು ಅಚ್ಚುಮೊಳೆ ಜೋಡಿಸುತ್ತಿದ್ದ ಹಳಬರಲ್ಲಿ ಮಾತ್ರ ನಿರೀಕ್ಷಿಸಬಹುದಿತ್ತು. ಇಂಗ್ಲಿಷ್ ಟಿಪ್ಪಣಿಗಳಲ್ಲಿ ಇದೇ ಅರ್ಥಕ್ಕೆ ಬಳಸುವ ಇಬಿಡ್ ಎಂಬ ಪದದ ಬದಲು ‘ಅದೇ’ ಬರುವಂತೆ ಮಾಡಲು ಇಲ್ಲಿ ಒಂದು ಸಾಲು ಸಾಕು, ಜೊಟೆರೊದಲ್ಲಾದರೆ ಶೈಲಿಯ ಕಡತವನ್ನೇ ತೆರೆದು ತಿದ್ದಬೇಕು. ಆದರೆ ಕನ್ನಡಕ್ಕಾಗಿ ಲಾಟೆಕ್‌ನ ರೂಪಗಳಾದ ಜೀಲಾಟೆಕ್ ಅಥವಾ ಲುವಾಲಾಟೆಕ್ ಬೇಕು, ನಡುವೆ ಆಕರಪಟ್ಟಿಯನ್ನು ಸಂಸ್ಕರಿಸುವ ಬೈಬರ್ ಎಂಬ ತಂತ್ರಾಂಶವನ್ನು ಓಡಿಸಬೇಕು, ಕೊನೆಗೆ ಪ್ರತಿಯನ್ನು ವರ್ಡ್‌ನಲ್ಲಿಯೇ ತಿದ್ದುವ ಮಾರ್ಗದರ್ಶಕರಿಗೆ ಏನು ಕಳಿಸಬೇಕೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

ಈ ಕೊನೆಯ ಕಾರಣಕ್ಕಾಗಿಯೇ ನಾನು ಜೊಟೆರೊವನ್ನು ಉಳಿಸಿಕೊಂಡು ‘ಅದೇ’ಯನ್ನು ಕೈಬಿಟ್ಟೆ. ಬರಹ ಮತ್ತು ಉಲ್ಲೇಖಗಳ ಶೈಲಿಯನ್ನು ಹೇಳುವ ಶಿಕಾಗೊ ಕೈಪಿಡಿಯ 17ನೆಯ ಆವೃತ್ತಿಯೂ (2017) ಇಬಿಡ್‌ಗಿಂತ ಸಂಕ್ಷಿಪ್ತ ರೂಪವನ್ನೇ (ಲೇಖಕರ ಹೆಸರು, ಚಿಕ್ಕ ಶೀರ್ಷಿಕೆ, ಪುಟ) ಮೆಚ್ಚುತ್ತದೆ. ಆದರೆ ರೈಸ್ ಸಂಪುಟಗಳೆಲ್ಲಕ್ಕೂ ಶೀರ್ಷಿಕೆ ಒಂದೇ ಆದ್ದರಿಂದ, ‘ಶಾರ್ಟ್ ಟೈಟಲ್’ ಎಂಬ ಅಂಕಣದಲ್ಲಿ ‘ಎ.ಕ. 7’, ‘ಎ.ಕ. 8’ ಎಂದು ತುಂಬಿದ ಮೇಲಷ್ಟೇ ಶಿಕಾರಿಪುರದ ಶಾಸನ ಯಾವ ಸಂಪುಟದ್ದು, ಸೊರಬದ್ದು ಯಾವುದರದು ಎಂಬುದು ಟಿಪ್ಪಣಿಯಲ್ಲಿ ಸ್ಪಷ್ಟವಾಯಿತು.